ಲಿಫ್ಟ್ ಇಲ್ಲದ ನಾಲ್ಕನೇ ಮಹಡಿ

ಮಾರ್ಚ್ 3, ಭಾನುವಾರ

ಇವತ್ತೂ ಒಂದು ಮನೆ ನೋಡಿ ಬಂದೆವು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಇವಳು "ಅಡುಗೆಮನೆ ಹೇಗನ್ನಿಸ್ತು ರೀ?" ಎಂದು ಕೇಳಿದಳು. ನಾನು "ಯಾವ ಅಡುಗೆಮನೆ?" ಎಂದೆ. ಅಷ್ಟಕ್ಕೇ ಮುಖ ಊದಿಸಿಕೊಂಡು ಕಿಟಕಿಯ ಕಡೆ ತಿರುಗಿ ಕೂತಳು.

ನನ್ನದೇನು ತಪ್ಪು? ಅವಳೂ ಮಗಳೂ ಬ್ರೋಕರ್ ಜೊತೆ ಕೋಣೆ ಕೋಣೆ ಸುತ್ತುತ್ತಿದ್ದಾಗ ನಾನು ಮೇಲೆ ಮೋಟಾರ್ ರೂಮಿಗೆ ಹೋಗಿದ್ದೆ. ಲಿಫ್ಟ್ ಮೆಕ್ಯಾನಿಕ್ ಆಗಿ ಅರ್ಧ ಆಯಸ್ಸು ಕಳೆದವನು ಮನೆ ಕೊಳ್ಳುವ ಮುಂಚೆ ಲಿಫ್ಟ್ ನೋಡದೆ ಟೈಲ್ಸ್ ನೋಡುತ್ತಾನೆಯೇ? ಬ್ರೇಕ್ ಹಿಡಿಯುವಾಗ ಮುದುಕ ಕೆಮ್ಮಿದ ಹಾಗೆ ಸದ್ದು. ಕಂಟ್ರೋಲ್ ಪ್ಯಾನೆಲ್ ತುಂಬ ಜೇಡರ ಬಲೆ. ಆ ಕಟ್ಟಡದ ಜನ ಯಾವ ಧೈರ್ಯದಲ್ಲಿ ಮೇಲೆ ಕೆಳಗೆ ಓಡಾಡುತ್ತಾರೋ ನಾ ಕಾಣೆ. ಅಲ್ಲಿಗೆ ನಾವು ಹೋಗುವುದಿಲ್ಲ, ಮುಗಿಯಿತು.

ಆದರೆ ಮನೆ ಬೇಕೇ ಬೇಕು. ನಾವು ಬಾಡಿಗೆಗಿರುವ ಮನೆಯ ಓನರಮ್ಮನಿಗೆ ಮಗನ ಮದುವೆಯಂತೆ, ನಾವಿರುವ ಮೇಲ್ಮನೆ ಅವನಿಗೆ ಬೇಕಂತೆ. ಜೂನ್ ತಿಂಗಳ ಮಧ್ಯಕ್ಕೆ ಖಾಲಿ ಮಾಡಿ ಎಂದು ನಗುನಗುತ್ತಲೇ ಹೇಳಿಹೋದರು. ಇನ್ನೊಂದು ಬಾಡಿಗೆ ಮನೆಗೆ ಗಂಟುಮೂಟೆ ಕಟ್ಟುವುದು ನನ್ನಿಂದಾಗದು. ಈ ಸಲ ಕಟ್ಟಿದರೆ ಸ್ವಂತ ಮನೆಗೇ. ಮನೆಯ ಪತ್ರದಲ್ಲಿ ನನ್ನ ಹೆಸರು ಮೊದಲ ಸಾಲಿನಲ್ಲಿ ಎದ್ದು ಕಾಣಬೇಕು. ಅಪ್ಪ, ತಾತ ಯಾರಿಗೂ ಆಗದೇ ಹೋದದ್ದನ್ನು ನಾನು ಮಾಡಿ ತೋರಿಸುತ್ತೇನೆ.

ಮಾರ್ಚ್ 10, ಭಾನುವಾರ

ಬ್ರೋಕರನಿಗೆ ಮಗಳು "ಇನ್ನೇನು ಸಾರ್" ಎಂದು ಹೆಸರಿಟ್ಟಿದ್ದಾಳೆ. ಬಾಯಿ ತೆಗೆದರೆ "ಇನ್ನೇನು ಸಾರ್, ಆಗೇಹೋಯ್ತು" ಎನ್ನುತ್ತಾನೆ. ಆಗುವುದು ಮಾತ್ರ ಏನೂ ಇಲ್ಲ.

ಇವತ್ತು ನೋಡಿದ ಮೊದಲ ಮನೆಯಲ್ಲಿ ಮಂಚ ಹಾಕಿದರೆ ಬಾಗಿಲು ಮುಚ್ಚುವುದಿಲ್ಲ. ಎರಡನೆಯದರ ಅಡುಗೆಮನೆ ಕಿಟಕಿ ತೆರೆದರೆ ಪಕ್ಕದವರ ಬಚ್ಚಲುಮನೆಗೆ ನೇರ ದರ್ಶನ. ಮೂರನೆಯದು ಚೆನ್ನಾಗಿತ್ತು, ಆದರೆ ಬೆಲೆ ಕೇಳಿ ನನ್ನ ಕಿವಿ ಗುಂಯ್ ಅಂದಿತು. ಮಗಳು ಮೆಲ್ಲಗೆ, "ಅಪ್ಪ, ಈ ಬೆಲೆಗೆ ಒಳಗಿರೋ ಜನಾನೂ ಸೇರಿಸಿ ಕೊಡ್ತಾರಾ ಕೇಳು" ಎಂದಳು. ನಾನು ನಗು ತಡೆಯಲಾರದೆ ಕೆಮ್ಮಿದ ಹಾಗೆ ಮಾಡಿದೆ. ಮನೆಯೊಡೆಯ ನನಗೆ ನೀರು ತಂದುಕೊಟ್ಟ, ಪಾಪ.

ಮಾರ್ಚ್ 19, ಮಂಗಳವಾರ

ಬ್ಯಾಂಕಿಗೆ ಹೋಗಿದ್ದೆವು. ಬರೆಯಲು ಕೂತರೆ ಈಗಲೂ ಮೈ ಉರಿಯುತ್ತದೆ.

ಸಾಲದ ವಿಭಾಗದಲ್ಲಿ ಕೂತಿದ್ದ ಹುಡುಗಿಗೆ ನಮ್ಮ ಮಗಳಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಮೊದಲು ನನ್ನ ಕಡೆಯೇ ತಿರುಗಿ ಮಾತಾಡುತ್ತಿದ್ದಳು. ನನ್ನದು ಕಾಂಟ್ರಾಕ್ಟ್ ಕೆಲಸ, ಕಂಪನಿಯ ಏಜೆಂಟ್ ಕರೆದಾಗ ಹೋಗುವುದು ಎಂದು ಗೊತ್ತಾಗಿದ್ದೇ ತಡ, ಕುರ್ಚಿಯನ್ನೇ ಇವಳ ಕಡೆ ತಿರುಗಿಸಿಕೊಂಡಳು. ಇವಳು ದೊಡ್ಡಾಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಹೆಡ್ ನರ್ಸ್. ಕಾಯಂ ಕೆಲಸ, ತಿಂಗಳು ತಿಂಗಳು ಸಂಬಳ. "ಸಾಲ ಮೇಡಂ ಹೆಸರಲ್ಲೇ ಆಗುತ್ತೆ ಸರ್, ನಿಮ್ಮದು ಬೇಕಾಗಲ್ಲ" ಎಂದಳು ಆ ಹುಡುಗಿ, ತುಂಬಾ ಮರ್ಯಾದೆಯಿಂದಲೇ. ಬೇಕಾಗಲ್ಲ! ಆಮೇಲಿನ ಮಾತೆಲ್ಲ ಅವರಿಬ್ಬರ ನಡುವೆ. ನಾನು ಗೋಡೆಯ ಗಡಿಯಾರ ನೋಡುತ್ತಾ ಕೂತೆ.

ಹೊರಗೆ ಬಂದದ್ದೇ ಕೂಗಾಡಿದೆ. ಬಸ್‌ಸ್ಟಾಪಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇವಳು ಚೀಲ ಎದೆಗವಚಿಕೊಂಡು ನಿಂತು, "ತೀರಿಸೋಕೆ ಇಬ್ಬರ ದುಡಿಮೆಯೂ ಬೇಕಲ್ವಾ ರೀ? ಹೆಸರು ಯಾರದಾದ್ರೇನು?" ಎಂದಳು.

"ಸಾಲ ನಿನ್ನ ಹೆಸರಲ್ಲಿರಲಿ. ಮನೆ ಪತ್ರದಲ್ಲಿ ನನ್ನ ಹೆಸರೂ ಇರಬೇಕು, ಅದೇ ಮೊದಲಿರಬೇಕು" ಎಂದೆ.

"ಆಯ್ತು, ನಿಮ್ಮದೇ ಮೊದಲು ಹಾಕ್ಸೋಣ. ಈಗ ಬಸ್ ಹತ್ತಿ."

ಮಾರ್ಚ್ 20, ಬುಧವಾರ

ಮಾತಿಲ್ಲ ಕತೆಯಿಲ್ಲ. ಟೀ ಮಾತ್ರ ಹೊತ್ತಿಗೆ ಸರಿಯಾಗಿ ಬಂತು.

ಏಪ್ರಿಲ್ 7, ಭಾನುವಾರ

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ನನ್ನ ಕೈಯಿಂದಲೇ ಜಾರಿತು, ಬೇರೆ ಯಾರನ್ನು ಬಯ್ಯಲಿ?

ಮೂರನೇ ಮಹಡಿಯ ಮನೆ. ಎರಡು ಕೋಣೆ, ಎರಡಕ್ಕೂ ಕಿಟಕಿ. ಬೆಲೆಯೂ ಹೇಗೋ ಏನೋ ನಮಗೆ ಎಟುಕುವಂತಿತ್ತು. ಇವಳ ಕಣ್ಣು ಅರಳಿದ್ದು ನೋಡಿಯೇ ನನಗೆ ಗೊತ್ತಾಯಿತು, ಇದೇ ನಮ್ಮ ಮನೆ ಎಂದು. ಮನೆ ಹಿಡಿಸಿದರೆ ಇರಲಿ ಎಂದು ಅಡ್ವಾನ್ಸಿನ ಚೆಕ್ಕಿಗೆ ಇವಳು ಬೆಳಿಗ್ಗೆಯೇ ಸಹಿ ಹಾಕಿದ್ದಳು. ಮನೆಯೊಡೆಯನ ಕೈಗೆ ಕೊಡುವುದು ಮಾತ್ರ ನಾನೇ ಎಂದು ಹಟ ಹಿಡಿದು ಅದನ್ನು ನನ್ನ ಅಂಗಿಯ ಜೇಬಿಗೆ ಇಟ್ಟುಕೊಂಡಿದ್ದೆ. ಇನ್ನೇನು ಕೊಡಬೇಕು, ಅಷ್ಟರಲ್ಲಿ ಹೊರಗೆ ಲಿಫ್ಟ್ ಅರ್ಧಕ್ಕೇ ನಿಂತ ಸದ್ದು ಕೇಳಿಸಿತು. ಅದರೊಳಗೆ ಯಾರೋ ಹೆಂಗಸು ಅಳುತ್ತಿದ್ದಳು.

ಆ ಸದ್ದು ಕೇಳಿಯೂ ಕೂತಿರಲು ನನಗೆ ಬರುವುದಿಲ್ಲ. "ಒಂದು ನಿಮಿಷ" ಎಂದವನೇ ಮೋಟಾರ್ ರೂಮಿಗೆ ಓಡಿದೆ. ಮೇನ್ ಆಫ್ ಮಾಡಿ, ಬ್ರೇಕ್ ಸಡಿಲಿಸಿ, ಕೈಯಿಂದ ಚಕ್ರ ತಿರುಗಿಸಿ ಲಿಫ್ಟನ್ನು ಮಹಡಿಗೆ ಸರಿಯಾಗಿ ತಂದು ಬಾಗಿಲು ತೆಗೆದೆ. ಗಂಡ ಹೆಂಡತಿ ಇಬ್ಬರೂ ಬೆವರಲ್ಲಿ ತೊಯ್ದಿದ್ದರು. ಕೈ ಮುಗಿದರು. ನನಗೋ ಎದೆ ಉಬ್ಬಿತು. ಅಲ್ಲಿಗೆ ಬಿಟ್ಟು ಬರಬಹುದಿತ್ತು. ಆದರೆ ಕೆಟ್ಟದ್ದು ಎಲ್ಲಿ ಎಂದು ತಿಳಿಯದೆ ಬರಲು ಮನಸ್ಸಾಗಲಿಲ್ಲ. ಬಾಗಿಲಿನ ಲಾಕ್ ಬಿಚ್ಚಿ, ಧೂಳು ಒರೆಸಿ, ಕರೆಂಟು ತಾಗುವ ತುದಿ ಉಜ್ಜಿ, ಎರಡು ಸಲ ಮೇಲೆ ಕೆಳಗೆ ಓಡಿಸಿ ನೋಡಿ, ಗೆದ್ದವನ ಹಾಗೆ ಮನೆಯೊಳಗೆ ಬಂದರೆ ಆ ಗಂಡ ಹೆಂಡತಿ ಸೋಫಾದ ಮೇಲೆ ಕೂತಿದ್ದಾರೆ. ಮನೆಯೊಡೆಯ ಅವರು ಕೊಟ್ಟ ಅಡ್ವಾನ್ಸ್ ಎಣಿಸುತ್ತಿದ್ದಾನೆ.

ಅವರೂ ಅದೇ ಮನೆ ನೋಡಲು ಬರುತ್ತಿದ್ದವರಂತೆ! ಇವಳು ಹತ್ತು ನಿಮಿಷ ತಾಳಿ ಎಂದು ಎಷ್ಟೋ ಕೇಳಿಕೊಂಡಳಂತೆ. ಚೆಕ್ಕು ನನ್ನ ಜೇಬಿನಲ್ಲಿ, ನನ್ನ ಫೋನು ಅವಳ ಕೈಚೀಲದಲ್ಲಿ. "ಮೊದಲು ಕೈಗೆ ಕೊಟ್ಟೋರದ್ದು ಮನೆ ಅಮ್ಮಾ" ಎಂದನಂತೆ ಆಸಾಮಿ. "ಇನ್ನೇನು ಸಾರ್" ಮೂಲೆಯಲ್ಲಿ ನಿಂತು ಚಪ್ಪಲಿ ನೋಡುತ್ತಿದ್ದ.

ಏಪ್ರಿಲ್ 8, ಸೋಮವಾರ

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೆಳಿಗ್ಗೆ ಇವಳು ನಲ್ಲಿ ಬಿಟ್ಟುಕೊಂಡು ಬಚ್ಚಲಿನಲ್ಲಿ ಅತ್ತಳು. ನೀರಿನ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದುಕೊಂಡಿದ್ದಾಳೆ.

ಡ್ಯೂಟಿಗೆ ಹೊರಡುವಾಗ ನಾನೇ, "ಎಲ್ಲ ನನ್ನಿಂದಾಯ್ತು" ಎಂದೆ. ತಲೆ ಬಾಚುತ್ತಾ ಹೇಳಿದಳು: "ಲಿಫ್ಟಲ್ಲಿದ್ದ ಆ ಹುಡುಗಿ ಐದು ತಿಂಗಳ ಬಸುರಿ ಕಣ್ರೀ, ನೋಡಿದ ತಕ್ಷಣ ಗೊತ್ತಾಯ್ತು. ನೀವು ಬಾಗಿಲು ತೆಗೀದೆ ಕೂತಿದ್ರೆ ನಾನೇ ನಿಮ್ಮನ್ನ ಅಟ್ಟಿ ಕಳಿಸ್ತಿದ್ದೆ." ಬಾಚಣಿಗೆ ಕೆಳಗಿಟ್ಟು, "ಆದ್ರೆ ಚೆಕ್ಕು ಕೊಟ್ಟು ಹೋಗಬಾರದಿತ್ತಾ?" ಎಂದಳು.

ಅವಳ ಚೀಲ ನಾನೇ ಎತ್ತಿಕೊಂಡು ಆಸ್ಪತ್ರೆಯ ಗೇಟಿನವರೆಗೆ ಬಿಟ್ಟು ಬಂದೆ.

ಏಪ್ರಿಲ್ 21, ಭಾನುವಾರ

ರಾತ್ರಿ ಡ್ಯೂಟಿ ಮುಗಿಸಿ ಬರುವಾಗ ಇವಳು ಯಾವುದೋ ಮನೆ ಒಬ್ಬಳೇ ನೋಡಿಬಂದಿದ್ದಳು. ಇವತ್ತು ನನ್ನನ್ನೂ ಎಳೆದುಕೊಂಡು ಹೋದಳು. ಹಳೆಯ ಕಟ್ಟಡ. ಒಳಗೆ ಕಾಲಿಟ್ಟವನು ಅಭ್ಯಾಸದಂತೆ ಬಟನ್ ಒತ್ತಲು ಕೈ ಚಾಚಿದೆ. ಗೋಡೆಯಲ್ಲಿ ಬಟನ್ನೂ ಇಲ್ಲ, ಲಿಫ್ಟೂ ಇಲ್ಲ. ಬರೀ ಮೆಟ್ಟಿಲು. ಮನೆ ಇರುವುದು ನಾಲ್ಕನೇ ಮಹಡಿಯಲ್ಲಿ.

ನಾನು ಅಲ್ಲೇ ತಿರುಗಿ ನಿಂತೆ. "ನಿನಗೇನಾದ್ರೂ ತಲೆ ಕೆಟ್ಟಿದೆಯಾ? ಲಿಫ್ಟ್ ಮೆಕ್ಯಾನಿಕ್ ಲಿಫ್ಟ್ ಇಲ್ಲದ ಮನೆ ತಗೊಂಡ ಅಂದ್ರೆ ಜನ ಎಲ್ಲೆಲ್ಲಿಂದ ನಗ್ತಾರೆ ಗೊತ್ತಾ?"

"ಲಿಫ್ಟ್ ಇಲ್ಲ ಅಂತಾನೇ ಆ ಬೆಲೆ. ಇದ್ದಿದ್ರೆ ನಾವು ಗೇಟಿನ ಹೊರಗೇ ನಿಂತು ನೋಡಬೇಕಾಗಿತ್ತು. ಹತ್ತಿ" ಎಂದಳು.

ಹತ್ತಿದೆ, ಗೊಣಗುತ್ತಲೇ. ಮನೆಯನ್ನು ಸರಿಯಾಗಿ ನೋಡಲೂ ಇಲ್ಲ. ಹಾಲ್ ದೊಡ್ಡದಾಗಿತ್ತು ಅನ್ನಿಸುತ್ತದೆ. ಇವಳು ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದಳು. "ಕೇಳಿ" ಎಂದಳು. "ಏನು ಕೇಳಲಿ? ಏನೂ ಕೇಳ್ತಿಲ್ಲ" ಎಂದೆ.

"ಅದನ್ನೇ ಹೇಳ್ತಿರೋದು. ಮದುವೆ ಆದಾಗಿಂದ ನೈಟ್ ಡ್ಯೂಟಿ ಮಾಡಿ ಬಂದು ಹಗಲು ಎಲ್ಲಿ ಮಲಗಿದ್ದೀನಿ ನೆನಪಿದೆಯಾ? ಅಡುಗೆಮನೇಲಿ. ಹಾಲಲ್ಲಿ ಟೀವಿ ಮುಂದೆ. ಈಗಿರೋ ಮನೇಲಿ ಓನರಮ್ಮನ ಮಿಕ್ಸಿ, ಕೆಳಗೆ ಗ್ಯಾರೇಜ್. ಒಂದು ದಿನ ಕಣ್ತುಂಬ ನಿದ್ದೆ ಮಾಡಿಲ್ಲ ರೀ ನಾನು. ನನಗೆ ಬೇಕಾಗಿರೋದು ಬಾಗಿಲು ಹಾಕ್ಕೊಂಡು ಮಲಗೋಕೆ ಒಂದು ಕೋಣೆ. ನಿಮಗೆ ಬೇಕಾಗಿರೋದು ಒಂದು ಲಿಫ್ಟು."

ಇಷ್ಟು ಉದ್ದ ಮಾತು ಅವಳು ಆಡಿದ್ದು ನಾನು ಕೇಳಿರಲಿಲ್ಲ. ಆದರೂ ಆಗುವುದಿಲ್ಲ ಎಂದೆ. ಮನುಷ್ಯನಿಗೆ ತನ್ನ ಕಸುಬಿನ ಮಾನ ಅಂತ ಒಂದು ಇರುತ್ತದೆ. ಇವಳು ಸುಮ್ಮನೆ ಮೆಟ್ಟಿಲಿಳಿದು ಹೋದಳು. ನಾನು ಹಿಂದಿನಿಂದ ಇಳಿದೆ. ಮೆಟ್ಟಿಲುಗಳನ್ನು ಕಟ್ಟಿದ ಮೇಸ್ತ್ರಿ ಮಾತ್ರ ಗಟ್ಟಿಗ, ಒಂದೂ ಎತ್ತರ ಹೆಚ್ಚು ಕಮ್ಮಿ ಇಲ್ಲ.

ಮೇ 2, ಗುರುವಾರ

ಇವತ್ತು ನಡೆದದ್ದನ್ನು ಬರೆಯಲೇಬೇಕು.

ದೊಡ್ಡಾಸ್ಪತ್ರೆಯ ಲಿಫ್ಟ್ ಕೆಟ್ಟು, ಅವರ ಮೆಕ್ಯಾನಿಕ್ ರಜೆಯಲ್ಲಿದ್ದಾನೆಂದು ಏಜೆಂಟ್ ನನ್ನನ್ನು ಕಳಿಸಿದ. ಇಷ್ಟು ವರ್ಷ ಇವಳನ್ನು ಗೇಟಿನವರೆಗೆ ಬಿಟ್ಟು ಬಂದಿದ್ದೇನೆ, ಅವಳು ಕೆಲಸ ಮಾಡುವ ಕಡೆ ಕಾಲಿಟ್ಟಿರಲಿಲ್ಲ. ಟೂಲ್ ಬ್ಯಾಗ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಕೆಳಗಿನಿಂದ ಸ್ಟ್ರೆಚರಿನಲ್ಲಿ ಒಬ್ಬ ಹೆಂಗಸನ್ನು ಹೊತ್ತು ತರುತ್ತಿದ್ದರು. ಹೆರಿಗೆ ನೋವು, ಕಿರುಚಾಟ. ಹೊತ್ತವರು ಗಾಬರಿಯಾಗಿ ಒಬ್ಬರ ಮೇಲೊಬ್ಬರು ರೇಗುತ್ತಿದ್ದರು. ಮೇಲಿನಿಂದ ಇವಳು ಇಳಿದು ಬಂದಳು.

"ನಿಲ್ಲಿ! ತಲೆ ಮುಂದೆ, ಕಾಲು ಹಿಂದೆ. ನೀವಿಬ್ಬರು ಭುಜಕ್ಕೆ ಸರಿಸಮ ಎತ್ತಿ. ನಾನು ಹೇಳಿದಾಗ ಹೆಜ್ಜೆ. ಅಮ್ಮಾ, ನನ್ನ ಕಡೆ ನೋಡು, ನನ್ನ ಮುಖ ನೋಡು, ಏನೂ ಆಗಲ್ಲ. ಹೆಜ್ಜೆ!"

ಅದೇನು ಗಂಟಲು! ಮನೆಯಲ್ಲಿ "ಟೀ ಆರೋಗುತ್ತೆ ಬನ್ನಿ" ಎನ್ನುವ ಗಂಟಲು ಅಲ್ಲವೇ ಅಲ್ಲ. ಎಲ್ಲರೂ ಅವಳು ಹೇಳಿದ ಹಾಗೆ ಹೆಜ್ಜೆ ಇಟ್ಟರು. ಕನ್ನಡಕದ ಡಾಕ್ಟರ್ ಒಬ್ಬರು ಕೂಡ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಆ ಹೆಂಗಸು ಕಿರುಚುವುದು ಬಿಟ್ಟು ಇವಳ ಮುಖವನ್ನೇ ನೋಡುತ್ತಾ ಮೇಲೆ ಹೋದಳು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ನನ್ನ ಮೈಗೆ ತಾಗುವಷ್ಟು ಹತ್ತಿರ ಬಂದು, "ಏ, ದಾರಿ ಬಿಡ್ರೀ!" ಎಂದು ಗದರಿದಳು. ಗಂಡ ಎಂದು ಗುರುತೇ ಸಿಗಲಿಲ್ಲ ಅವಳಿಗೆ.

ಲಿಫ್ಟನ್ನು ನಾನು ಅಷ್ಟು ಬೇಗ ಯಾವತ್ತೂ ರಿಪೇರಿ ಮಾಡಿಲ್ಲ. ಅಟೆಂಡರ್ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತಿದ್ದ. "ಆ ಸಿಸ್ಟರ್ ಇದ್ದ ದಿನ ನಮಗೆಲ್ಲ ಧೈರ್ಯ ಸಾರ್" ಎಂದ. "ಅವರು ನನ್ನ ಹೆಂಡತಿ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಓಡಿಹೋಗಿ ಟೀ ತಂದ. ಬಿಸ್ಕತ್ತೂ ತಂದ.

ಸಂಜೆ ಮನೆಗೆ ಬಂದು ಇವಳು, "ಇವತ್ತು ಲಿಫ್ಟ್ ಕೆಟ್ಟು ಸಾಕಾಗಿಹೋಯ್ತು ರೀ. ಅದರ ಮೇಲೆ ಯಾವನೋ ಪೆದ್ದ ಮೆಕ್ಯಾನಿಕ್ ದಾರಿಗಡ್ಡ ಕಂಬದ ಹಾಗೆ ನಿಂತಿದ್ದ" ಎಂದಳು. "ಆ ಪೆದ್ದ ನಾನೇ" ಎಂದೆ. ಮೊದಲು ನಂಬಲಿಲ್ಲ. ಆಮೇಲೆ ಮಗಳ ಹೆಗಲ ಮೇಲೆ ಬಿದ್ದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಮಗು ಹೆಣ್ಣಂತೆ. ತಾಯಿ ಕ್ಷೇಮವಂತೆ.

ಊಟಕ್ಕೆ ಮುಂಚೆ "ಇನ್ನೇನು ಸಾರ್"ಗೆ ಫೋನ್ ಮಾಡಿ, ಆ ನಾಲ್ಕನೇ ಮಹಡಿ ಮನೆ ಇನ್ನೂ ಇದೆಯಾ ಎಂದು ಕೇಳಿದೆ. ಸುಮ್ಮನೆ ಕೇಳಿದೆ, ಅಷ್ಟೆ.

ಮೇ 12, ಭಾನುವಾರ

ನಾಲ್ಕನೇ ಮಹಡಿ ಮನೆಯ ಮಾತುಕತೆ ಮುಗಿಯಿತು! ಮನೆಯೊಡೆಯರು ರಿಟೈರ್ ಆದ ಡ್ರಾಯಿಂಗ್ ಮೇಷ್ಟ್ರು. ಮಂಡಿ ನೋವಿಗೆ ಮೆಟ್ಟಿಲು ಹತ್ತಲಾರದೆ ಮಗಳ ಮನೆಗೆ ಹೋಗುತ್ತಿದ್ದಾರೆ. ನಮಗಿಂತ ಹೆಚ್ಚು ಬೆಲೆ ಹೇಳಿದ ಇನ್ನೊಂದು ಪಾರ್ಟಿಯೂ ಇವತ್ತೇ ಬರುವುದಿತ್ತು. ಆ ಮಹಾಶಯ ಎರಡನೇ ಮಹಡಿಯವರೆಗೆ ಬಂದು, ಅಲ್ಲೇ ಮೆಟ್ಟಿಲ ಮೇಲೆ ಕೂತು, ನೀರು ಕೇಳಿ ಕುಡಿದು, ಹಾಗೇ ಇಳಿದು ಹೊರಟುಹೋದನಂತೆ. ದೇವರು ದೊಡ್ಡವನು, ಲಿಫ್ಟ್ ಹಾಕಿಸಲಿಲ್ಲ.

ಮೇಷ್ಟ್ರು "ನೀವೇನು ಕೆಲಸ ಮಾಡ್ತೀರಿ?" ಎಂದು ನನ್ನನ್ನು ಕೇಳಿದರು. "ನಮ್ಮವಳು ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್" ಎಂದೆ. "ಸರಿ, ನೀವು?" ಎಂದರು. "ಡಾಕ್ಟರುಗಳೇ ಅವಳಿಗೆ ದಾರಿ ಬಿಡ್ತಾರೆ ಸಾರ್" ಎಂದೆ. ಇವಳು ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು. ಮೇಷ್ಟ್ರು ನಕ್ಕು ಬೆಲೆಯಲ್ಲಿ ಇನ್ನಷ್ಟು ಬಿಟ್ಟರು. ಈ ಸಲ ಚೆಕ್ಕು ಇವಳ ಕೈಚೀಲದಲ್ಲೇ ಇತ್ತು.

ಮೇ 24, ಶುಕ್ರವಾರ

ಸುದ್ದಿ ಕೆಲಸದ ಕಡೆ ಹಬ್ಬಿದೆ. ನಾವೆಲ್ಲ "ಗ್ರೀಸು" ಎಂದು ಕರೆಯುವ ಸಹೋದ್ಯೋಗಿ ಬೆಳಿಗ್ಗೆಯಿಂದ ಕಾಲೆಳೆಯುತ್ತಲೇ ಇದ್ದ.

"ಏನಣ್ಣಾ, ಊರಿಗೆಲ್ಲ ಲಿಫ್ಟ್ ಹಾಕಿ ನೀನು ಮೆಟ್ಟಿಲು ಹತ್ತೋಕೆ ದುಡ್ಡು ಕೊಟ್ಯಂತೆ?"

"ಹೌದಪ್ಪಾ. ಮನೇಲೂ ಅದೇ ಸದ್ದು ಕೇಳ್ಬೇಕಾ? ಲಿಫ್ಟಿಲ್ಲ, ಗಲಾಟೆಯಿಲ್ಲ. ಹಿಂದಿನ ಕೋಣೇಲಿ ಸೂಜಿ ಬಿದ್ರೆ ಕೇಳುತ್ತೆ. ನೈಟ್ ಡ್ಯೂಟಿಯವರಿಗೆ ಹೇಳಿ ಮಾಡಿಸಿದ ಹಾಗಿದೆ" ಎಂದೆ.

"ನಿನಗೆಲ್ಲಿ ನೈಟ್ ಡ್ಯೂಟಿ?" ಎಂದ. ದಡ್ಡ, ಅವನಿಗೆ ಅರ್ಥವಾಗುವುದಿಲ್ಲ.

ಜೂನ್ 6, ಗುರುವಾರ

ಪತ್ರ ಬರೆಯುವವನ ಕಚೇರಿಯಲ್ಲಿ ಅರ್ಧ ದಿನ ಕಳೆಯಿತು. ಉಸಿರಾಡಲು ಜಾಗವಿಲ್ಲ, ಫ್ಯಾನ್ ತಿರುಗುವುದು ಅವನ ತಲೆಯ ಮೇಲೆ ಮಾತ್ರ. ಒಂದು ಬೆರಳಲ್ಲಿ ಟೈಪ್ ಮಾಡುತ್ತಾನೆ, ಮಧ್ಯೆ ಫೋನು ಬಂದರೆ ಬೀಗರ ಯೋಗಕ್ಷೇಮವನ್ನೆಲ್ಲ ವಿಚಾರಿಸುತ್ತಾನೆ. ಕೊಳ್ಳುವವರು ಯಾರು ಎಂದು ಕೇಳಿದಾಗ ಇವಳು, "ಇಬ್ಬರದೂ ಹಾಕಿ, ಇವರದ್ದು ಮೊದಲು" ಎಂದಳು. ನನ್ನ ಹೆಸರು ಹೊಡೆದು, ಅಪ್ಪನ ಹೆಸರು ಎರಡು ಸಲ ತಪ್ಪು ಹೊಡೆದ. ನಾನು ನನ್ನದು ಬೇಡ ಎಂದೆ, ಅವಳದ್ದೊಂದೇ ಸಾಕು, ಅಳಿಸು ಎಂದೆ. ಅಳಿಸಲೂ ಅವನಿಗೆ ಅಷ್ಟೇ ಹೊತ್ತು. ಇವಳು ನನ್ನನ್ನೇ ನೋಡುತ್ತಾ ಕೂತಿದ್ದಳು. "ಏನು?" ಎಂದೆ. "ಏನಿಲ್ಲ" ಎಂದಳು. ಹೊರಗೆ ಬಂದಾಗ ಬಿಸಿಲು ಸುಡುತ್ತಿತ್ತು. ಜ್ಯೂಸ್ ಕುಡಿದೆವು. ಅವಳೇ ಕುಡಿಸಿದಳು.

ಜೂನ್ 7, ಶುಕ್ರವಾರ

ಆಯಿತು. ನೋಂದಣಿ ಆಯಿತು.

ಅಧಿಕಾರಿ ಗಟ್ಟಿಯಾಗಿ ಇವಳ ಹೆಸರು ಕೂಗಿದರು. ಕಚೇರಿಯಲ್ಲಿದ್ದ ಅಷ್ಟೂ ಜನರ ಎದುರಿಗೆ ಎದ್ದು ಹೋದಳು. ಅಕ್ಷರ ಅಕ್ಷರ ಬಿಡಿಸಿ ನಿಧಾನಕ್ಕೆ ಸಹಿ ಹಾಕಿದಳು. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ. ಎಷ್ಟು ಚೆನ್ನಾಗಿ ಬಂದಿದೆ ಎಂದರೆ, ಜೀವಮಾನದಲ್ಲಿ ಅಂಥ ಸಹಿ ಹಾಕಿಲ್ಲ ನಾನು. ಮಗಳು ಫೋಟೋ ತೆಗೆದಳು. ಮೂವರೂ ಅಳುತ್ತಿದ್ದೇವೆ ಅದರಲ್ಲಿ, ಯಾರೋ ಹೊಡೆದಿರುವ ಹಾಗೆ.

ಜೂನ್ 16, ಭಾನುವಾರ

ಗ್ರೀಸು ಮತ್ತು ಇನ್ನೂ ಮೂವರು ಬಂದು ನಿನ್ನೆ ಸಾಮಾನೆಲ್ಲ ಹತ್ತಿಸಿಕೊಟ್ಟರು. ಬೀರು ಹೊತ್ತು ಮೂರನೇ ಮಹಡಿಗೆ ಬರುವ ಹೊತ್ತಿಗೆ ಗ್ರೀಸು ನನ್ನ ಇಡೀ ವಂಶವನ್ನು ಬೈದು ಮುಗಿಸಿದ್ದ. ಹಾಲಿಗೆ ಬಂದು ಕಿಟಕಿ ತೆರೆದು ನಿಂತವನು, "ಚೆನ್ನಾಗಿದೆ ಕಣಣ್ಣಾ" ಎಂದ. ಅವನ ಬಾಯಲ್ಲಿ ಒಳ್ಳೆಯ ಮಾತು ಬರುವುದೇ ಅಪರೂಪ.

ಇವಳಿಗೆ ರಜೆ ಸಿಗಲಿಲ್ಲ. ಸಾಮಾನು ಇಳಿಸಿ ಅಲ್ಲಿಂದಲೇ ರಾತ್ರಿ ಡ್ಯೂಟಿಗೆ ಹೋಗಿದ್ದಳು. ಬೆಳಿಗ್ಗೆ ಬಂದವಳು ಕೈಕಾಲು ತೊಳೆದು, ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗಳಿಗೆ ಪಾತ್ರೆ ತೊಳೆಯಬೇಡ ಎಂದೆ. ನಾನು ಮೊಳೆ ಹೊಡೆಯುವ ಕೆಲಸವನ್ನೆಲ್ಲ ಸಂಜೆಗಿಟ್ಟೆ. ಹಾಲಿನಲ್ಲಿ ಪೆಟ್ಟಿಗೆಗಳ ಮಧ್ಯೆ ಕೂತು ಇದನ್ನು ಬರೆಯುತ್ತಿದ್ದೇನೆ. ಮಧ್ಯಾಹ್ನವಾಗುತ್ತಾ ಬಂತು. ಇನ್ನೂ ಎದ್ದಿಲ್ಲ.

ಈಗ ತಾನೇ ಬಾಗಿಲು ತಟ್ಟಿದ ಸದ್ದಾಯಿತು. ತುದಿಗಾಲಿನಲ್ಲಿ ಓಡಿಹೋಗಿ ತೆಗೆದೆ. ಕೆಳಗಿನ ಮನೆಯವರು. ಕಟ್ಟಡದ ನೀರು, ಕಾವಲಿನ ಲೆಕ್ಕವೆಲ್ಲ ನೋಡಿಕೊಳ್ಳುವವರಂತೆ.

"ಹೊಸದಾಗಿ ಮನೆ ತಗೊಂಡಿರೋದು ನೀವೇನಾ ಸಾರ್?" ಎಂದು ಕೇಳಿದರು, ದೊಡ್ಡ ಗಂಟಲಿನಲ್ಲಿ.

ಬಾಯಿಗೆ ಬೆರಳಿಟ್ಟು ತೋರಿಸಿದೆ. "ನಾನಲ್ಲ. ನನ್ನ ಹೆಂಡತಿ ತಗೊಂಡಿರೋದು" ಎಂದೆ ಪಿಸುದನಿಯಲ್ಲಿ. "ಅವರು ಮಲಗಿದ್ದಾರೆ. ಸಂಜೆ ಬನ್ನಿ."

ಅವರು ಆಯಿತೆಂದು ತಲೆಯಾಡಿಸಿ, ಸದ್ದಾಗದಂತೆ ಮೆಟ್ಟಿಲಿಳಿದು ಹೋದರು. ನಾನು ಆಮೇಲೂ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದೆ, ಇನ್ನೂ ಯಾರಾದರೂ ಬಂದು ಕೇಳಬಹುದೇನೋ ಎಂದು.